ನೋಡುವವರಿಲ್ಲದ ಸೆಮಿಫೈನಲ್

ಫೋನು ಇರಲಿಲ್ಲ. ಅದನ್ನು ಸಿಕ್ಕಿಸಿದ್ದ ಮೂರು ಕಾಲಿನ ಸ್ಟ್ಯಾಂಡ್ ಮಾತ್ರ ಮೈದಾನದ ದಕ್ಷಿಣ ತುದಿಯಲ್ಲಿ ಹಾಗೇ ನಿಂತಿತ್ತು. ಅದರ ಪಕ್ಕದಲ್ಲಿ ನನ್ನ ತಂಗಿಯ ಮಗಳು ಸಾನಿಯಾ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಅಳುತ್ತಿದ್ದಳು.

"ಮಾಮಾ, ಊಟಕ್ಕ ಹೋಗುವಾಗ ಇಲ್ಲೇ ಇತ್ತು. ಅಲ್ಲಾನ ಆಣಿ, ಇಲ್ಲೇ ಇತ್ತು."

ಅದು 2022ರ ಜನವರಿ, ಕೊರೊನಾದ ಮೂರನೇ ಅಲೆ ಏಳುತ್ತಿದ್ದ ಕಾಲ. ತಿಕೋಟಾದ ಒಂದು ಶಾಲೆಯ ಮೈದಾನದಲ್ಲಿ ಹದಿನೇಳು ವರ್ಷದೊಳಗಿನ ಹುಡುಗಿಯರ ಖೋ ಖೋ ಪಂದ್ಯಾವಳಿ ನಡೆದಿತ್ತು. ಒಳಗೆ ಎಪ್ಪತ್ತು ಜನರಿಗೆ ಮಾತ್ರ ಅನುಮತಿ. ಆಡುವವರು, ಆಡಿಸುವವರು, ಕೆಲಸದವರು, ಅಷ್ಟೆ. ಹೆತ್ತವರೂ ಬರುವಂತಿಲ್ಲ. ಅದಕ್ಕೇ ಸುತ್ತಲಿನ ಮನೆಗಳ ಮಾಳಿಗೆ ಮೇಲೆಲ್ಲ ಬೆಳಗಿನಿಂದ ತಲೆಗಳು ತುಂಬಿದ್ದವು. ಊರಲ್ಲಿ ಉಳಿದವರಿಗಾಗಿ ಸಾನಿಯಾ ತನ್ನ ಫೋನಿನಲ್ಲಿ ಪ್ರತಿ ಆಟವನ್ನೂ ಹಿಡಿದು, ನೆಟ್‌ವರ್ಕ್ ಸಿಕ್ಕಾಗ ಗ್ರೂಪಿಗೆ ಹಾಕುತ್ತಿದ್ದಳು. ಆ ಮೈದಾನಕ್ಕೆ ಇದ್ದ ಒಬ್ಬನೇ ಪ್ರೇಕ್ಷಕ ಆ ಫೋನು. ಅದನ್ನೇ ಯಾರೋ ಎತ್ತಿಕೊಂಡು ಹೋಗಿದ್ದರು.

ಗೇಟಿನಲ್ಲಿ ತಲೆ ಎಣಿಸಲು ಕೂತಿದ್ದವರು ನಮ್ಮ ರೇಣುಕವ್ವ. ಅವರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ವಿಜಯಪುರದಿಂದ ಬಬಲೇಶ್ವರದ ಮೇಲೆ ಕಾಖಂಡಕಿಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಅವರು ಕಂಡಕ್ಟರ್, ನಾನು ಯಾಕೂಬ, ಡ್ರೈವರ್. ಅವರು ನನ್ನನ್ನು ಅಣ್ಣ ಅನ್ನುತ್ತಾರೆ, ನಾನು ಅವರನ್ನು ಅಕ್ಕಾರ ಅನ್ನುತ್ತೇನೆ. ನಮ್ಮಿಬ್ಬರಲ್ಲಿ ದೊಡ್ಡವರು ಯಾರೆಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಬಸ್ಸಿನಲ್ಲಿ ಕಳೆದ ಬುತ್ತಿ ಗಂಟಿನಿಂದ ಹಿಡಿದು ಸಾರವಾಡದಲ್ಲಿ ಕಳೆದ ಎತ್ತಿನವರೆಗೆ ಅವರು ಹುಡುಕಿಕೊಟ್ಟ ವಸ್ತುಗಳ ಲೆಕ್ಕ ನನಗಿಲ್ಲ. ನಿವೃತ್ತರಾಗಿ ಮೂರು ವರ್ಷವಾದರೂ ಅವರ ಮನೆ ಕಟ್ಟೆಯ ಮೇಲೆ ದಿನಾ ಯಾರಾದರೊಬ್ಬರು ತಮ್ಮ ಗೋಳು ಹಿಡಿದು ಕೂತಿರುತ್ತಾರೆ.

ಆ ದಿನ ಅವರು ಹಳೆಯ ಟಿಕೆಟ್ ಪಂಚನ್ನು ಪೆಟ್ಟಿಗೆಯಿಂದ ತೆಗೆದು ತಂದಿದ್ದರು. ಒಳಗೆ ಬಂದ ಒಬ್ಬೊಬ್ಬರಿಗೂ ಹಳದಿ ಚೀಟಿ ಕೊಟ್ಟು ಅದರ ಮೂಲೆಗೆ ತೂತು ಹಾಕುತ್ತಿದ್ದರು. ನಾನು ಟೆಂಪೊದಲ್ಲಿ ಸಾರವಾಡದ ತಂಡವನ್ನು ಕರೆತಂದಿದ್ದೆ. ನನಗೂ ಒಂದು ಚೀಟಿ ಸಿಕ್ಕಿತ್ತು.

ಫೋನು ಹೋದದ್ದು ಗೊತ್ತಾದದ್ದು ಹೇಗೆಂದರೆ, ಮಧ್ಯಾಹ್ನ ಒಂದಕ್ಕೆ ಮುಗಿದ ಎರಡನೇ ಸೆಮಿಫೈನಲ್‌ನಲ್ಲಿ ಸಾರವಾಡ ಬಬಲೇಶ್ವರವನ್ನು ಒಂದೇ ಅಂಕದಿಂದ ಸೋಲಿಸಿತ್ತು. ಕೊನೆಯ ಎರಡು ಸೆಕೆಂಡಿನಲ್ಲಿ ನಮ್ಮ ಆಮ್ರಪಾಲಿ ಹಾರಿ ಬಿದ್ದು ಎದುರಾಳಿಯನ್ನು ಮುಟ್ಟಿದ್ದಳು. ಊಟವಾದ ಮೇಲೆ, ಒಂದು ನಲವತ್ತಕ್ಕೆ, ಬಬಲೇಶ್ವರದ ತರಬೇತುದಾರ ಶಿವಯೋಗೆಪ್ಪ ಒಂದು ತಕರಾರು ಬರೆದು ಕೊಟ್ಟರು. ಆಮ್ರಪಾಲಿ ಮುಟ್ಟುವ ಮೊದಲು ನಡುಗೆರೆ ತುಳಿದಿದ್ದಳು, ಅಂಕ ಲೆಕ್ಕಕ್ಕಿಲ್ಲ ಎಂದು. ನಿಯಮ ಪಾಲನೆ ನೋಡಲು ತಾಲೂಕಿನಿಂದ ಬಂದಿದ್ದ ಅಧಿಕಾರಿ ವಿಜಯಲಕ್ಷ್ಮೀ ಮೇಡಂ, "ವಿಡಿಯೋ ಐತಲ್ಲ, ನೋಡೇ ಬಿಡೂಣು" ಅಂದರು. ಸಾನಿಯಾ ಓಡಿದಳು. ಸ್ಟ್ಯಾಂಡ್ ಬೋಳಾಗಿತ್ತು.

ಎಲ್ಲರ ಚೀಲ ಹುಡುಕಿದರು. ಗೇಟಿನಿಂದ ಯಾರೂ ಹೊರಗೆ ಹೋಗಿಲ್ಲವೆಂದು ರೇಣುಕವ್ವ ಹೇಳಿದ್ದರಿಂದ ಫೋನು ಒಳಗೇ ಇರಬೇಕಿತ್ತು. ಕಚೇರಿ ಮತ್ತು ಉಗ್ರಾಣವನ್ನು ಪಂದ್ಯಾವಳಿಯ ಕಾರ್ಯದರ್ಶಿ ಸಿದ್ದಲಿಂಗೇಶ ತಾವೇ ಹುಡುಕಿ, ಏನೂ ಇಲ್ಲ ಅಂದರು. ಆಮೇಲೆ ನೀರಿನ ಟಾಕಿಯ ಹಿಂದಿನಿಂದ ಅವರ ಕೂಗು ಕೇಳಿಸಿತು.

"ಸಿಕ್ಕಳ್ರೀ ಕಳ್ಳಿ! ಮೇಡಂ, ಬರ್ರಿ ಇಲ್ಲೆ!"

ಟಾಕಿಯ ನೆರಳಲ್ಲಿ, ರೊಟ್ಟಿ ಗಂಟನ್ನು ತೊಡೆ ಮೇಲೆ ಇಟ್ಟುಕೊಂಡು ಕುಳಿತಿದ್ದವಳು ರುಕ್ಮವ್ವ, ಆಮ್ರಪಾಲಿಯ ಅಜ್ಜಿ. ಅವಳ ಹತ್ತಿರ ಚೀಟಿ ಇರಲಿಲ್ಲ.

"ನಾ ಏನೂ ತಗೊಂಡಿಲ್ಲೋ ಯಪ್ಪಾ," ಅಂದಳು ಅಜ್ಜಿ. "ನನ್ನ ಮೊಮ್ಮಗಳ ಆಟ ನೋಡಾಕ ಬಂದೇನಿ."

"ನೋಡಾಕ ಬಂದಾಕಿ ಅಡಗಿ ಯಾಕ ಕುಂತಿ?" ಸಿದ್ದಲಿಂಗೇಶ ಮೇಡಂ ಕಡೆ ತಿರುಗಿದರು. "ಮುಂಜಾನಿಂದ ನಮ್ಮ ಊರಿನ ಹಿರ್ಯಾರಿಗೂ ನಾ ಕೈ ಮುಗದು ವಾಪಸ್ ಕಳಿಸೇನ್ರಿ. ಇಕಿ ಕದ್ದು ಒಳಗ ಬಂದಾಳ. ಮೊಮ್ಮಗಳು ಗೆರಿ ತುಳದದ್ದು ವಿಡಿಯೋದಾಗ ಬರತೈತಿ ಅಂತ ಫೋನ್ ಎತ್ಯಾಳ. ಇದಕ್ಕಿಂತ ಇನ್ನೇನ ಬೇಕ್ರಿ?"

ಮೇಡಂ ಗಡಿಯಾರ ನೋಡಿಕೊಂಡರು. ಫೈನಲ್ ನಾಲ್ಕಕ್ಕೆ. ಮೂರೂವರೆಯೊಳಗೆ ಫೋನು ಸಿಗದಿದ್ದರೆ, ಪ್ರೇಕ್ಷಕರನ್ನು ಕದ್ದು ತಂದದ್ದಕ್ಕೆ ಸಾರವಾಡದ ತಂಡವನ್ನು ಹೊರಗಿಟ್ಟು ಬಬಲೇಶ್ವರವನ್ನು ಆಡಿಸುವುದಾಗಿ ಹೇಳಿದರು. ಅವರ ಮುಖದಲ್ಲೂ ಸಂತೋಷವಿರಲಿಲ್ಲ.

ಆಮ್ರಪಾಲಿ ಅಳಲಿಲ್ಲ. ಮಂಡಿಗೆ ಅಂಟಿದ ಕೆಂಪು ಮಣ್ಣನ್ನು ಉಗುರಿನಿಂದ ಕೆರೆಯುತ್ತ ನಿಂತಳು. ಕ್ರೀಡಾ ಹಾಸ್ಟೆಲಿಗೆ ಆಯ್ಕೆ ಮಾಡುವ ಇಬ್ಬರು ಫೈನಲ್ ನೋಡಲು ಮಾತ್ರ ಬರುವವರಿದ್ದರು; ಎಪ್ಪತ್ತರಲ್ಲಿ ಅವರ ಎರಡು ಚೀಟಿಯನ್ನು ಮೊದಲೇ ತೆಗೆದಿಟ್ಟಿದ್ದರು. ಹಿಂದಿನ ಎರಡು ವರ್ಷದ ಪಂದ್ಯಾವಳಿಯನ್ನು ಕೊರೊನಾ ನುಂಗಿತ್ತು. ಬರುವ ಮಾರ್ಚಿಗೆ ಅವಳಿಗೆ ಹದಿನೇಳು ತುಂಬುತ್ತಿತ್ತು. ಇವತ್ತು ಆಡದಿದ್ದರೆ ಅವಳ ಪಾಲಿಗೆ ಇನ್ನೊಂದು ದಿನ ಇರಲಿಲ್ಲ.

ಇನ್ನು ನನ್ನ ಪಾಪ ಹೇಳುತ್ತೇನೆ. ರುಕ್ಮವ್ವನನ್ನು ಒಳಗೆ ತಂದವನು ನಾನೇ. ಬೆಳಗ್ಗೆ ಸಾರವಾಡದಲ್ಲಿ ಅವಳು ಟೆಂಪೊ ಮುಂದೆ ನಿಂತು, "ಆಕಿ ಆಡೂದು ಒಮ್ಮೆನೂ ನೋಡಿಲ್ಲೋ ಯಾಕೂಬ, ಇದೊಂದು ಸಲ" ಅಂದಾಗ ನನಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಹಿಂದಿನ ಸೀಟಿನ ಕೆಳಗೆ ಮಲಗಿಸಿ ಮೇಲೆ ಚೀಲ ಹೇರಿ ತಂದು, ಎಲ್ಲರೂ ಇಳಿದು ಹೋದ ಮೇಲೆ ಟಾಕಿಯ ಹಿಂದೆ ಇಳಿಸಿದ್ದೆ. ಅದನ್ನು ಅಲ್ಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಹೇಡಿ ಅನ್ನಿ, ಬೇಜಾರಿಲ್ಲ.

ರೇಣುಕವ್ವ ಗೇಟಿಗೆ ಬೀಗ ಹಾಕಿ ಬಂದರು. ಸ್ಟ್ಯಾಂಡಿನ ಹಿಂದೆ ಹೋಗಿ, ಫೋನು ನೋಡುತ್ತಿದ್ದ ದಿಕ್ಕಿಗೇ ತಾವೂ ನೋಡುತ್ತ ನಿಂತರು. ಎದುರಿಗೆ ಮೈದಾನ, ಅದರಾಚೆ ಅಧಿಕಾರಿಗಳ ಮೇಜಿನ ಮೇಲೆ ಕಟ್ಟಿದ ಶಾಮಿಯಾನ, ಅದರ ಹಿಂದೆ ಶಾಲೆಯ ಕಟ್ಟಡ.

"ಸಾನಿಯಾ, ಮುಂಜಾನಿ ಇದನ್ನ ಶಾಮಿಯಾನದ ಕೆಳಗ ಇಟ್ಟಿದ್ದಿಯಲ್ಲಾ?"

"ಹೌದ್ರಿ ಅಕ್ಕಾರ. ಹನ್ನೆರಡಕ್ಕ ದಕ್ಷಿಣದ ಬಿಸಿಲು ನೆಟ್ಟಗ ಕ್ಯಾಮರಾದಾಗ ಬೀಳಾಕತ್ತಿತು. ಅದಕ್ಕ ಸ್ಟ್ಯಾಂಡ್ ಎತ್ತಿ ಈ ಕಡೆ ತಂದು ತಿರುಗಿಸಿಟ್ಟೆ. ಆಟ ಮುಗಿದ ಮ್ಯಾಲ ಎಲ್ಲಾರಿಗೂ ಕೇಳುವಂಗ ಹೇಳಿದ್ದೆ, ಊಟ ಆದ ಕೂಡಲೇ ಇದನ್ನ ಗ್ರೂಪಿಗೆ ಹಾಕ್ತೇನಿ ಅಂತ."

"ಯಾಕೂಬಣ್ಣ, ಊಟದ ಹೊತ್ತಿನ್ಯಾಗ ನಿನಗ ಯಾರದೋ ಫೋನ್ ಬಂದಿತ್ತಲ್ಲ?"

"ನನ್ನ ತಂಗಿದು. ಮಗಳ ಫೋನ್ ಸ್ವಿಚ್ ಆಫ್ ಐತಿ, ಆಕಿ ಉಂಡಾಳೋ ಇಲ್ಲೋ ಅಂತ ಕೇಳಿದ್ಲು."

"ಎಷ್ಟಕ್ಕ?"

ತೆಗೆದು ನೋಡಿದೆ. ಒಂದು ಇಪ್ಪತ್ತು. ರೇಣುಕವ್ವ ಅದನ್ನು ಅಂಗೈ ಮೇಲೆ ಬರೆದುಕೊಂಡರು. ಕಾಗದ ಇದ್ದರೂ ಅವರು ಬರೆಯುವುದು ಅಂಗೈ ಮೇಲೆಯೇ.

ಅಷ್ಟರಲ್ಲಿ ಮೈದಾನ ನೋಡಿಕೊಳ್ಳುವ ಭಾಗಪ್ಪ ಸಿದ್ದಲಿಂಗೇಶರ ಬಳಿ ಬಂದ. "ಸಾಹೇಬ್ರ, ಗೆರಿ ಎಲ್ಲಾ ಅಳಿಸ್ಯಾವು. ಫೈನಲ್‌ಕ್ಕ ಸುಣ್ಣ ಹಾಕ್ಲೇನ್ರಿ? ಚೀಲ ಉಗ್ರಾಣದಾಗ ಉಳದೈತಿ."

"ಬ್ಯಾಡ. ಇದ್ದಂಗ ಇರಲಿ."

"ಗೆರಿ ಕಾಣೂದ ಇಲ್ರಿ..."

"ಒಮ್ಮೆ ಹೇಳಿದ್ರ ತಿಳಿಯಂಗಿಲ್ಲೇನಲೇ? ಹೋಗು!"

ಭಾಗಪ್ಪ ತಲೆ ಕೆರೆದುಕೊಂಡು ಹೋದ. ಪಾಪ, ಬೆಳಗ್ಗೆ ಇದೇ ಸಾಹೇಬರು ಗೆರೆ ಸೊಟ್ಟಗಿದೆ ಎಂದು ಅವನಿಂದ ಮೂರು ಸಲ ಸುಣ್ಣ ಹಾಕಿಸಿದ್ದರು.

ಕೈ ತೊಳೆಯುವ ನೆಪ ಮಾಡಿ ರೇಣುಕವ್ವ ಕಚೇರಿಗೆ ನಡೆದರು, ಹಿಂದೆ ನಾನು. ಒಂದು ಮೇಜು, ಒಂದು ಕಪಾಟು, ಮಾಳಿಗೆಗೆ ಹೋಗುವ ಮೆಟ್ಟಿಲಿನ ಬಾಗಿಲು, ಅದಕ್ಕೆ ಬೀಗ. ಕಿಟಕಿಯ ಕಟ್ಟೆ ಮೇಲೆ ಒದ್ದೆ ಟವೆಲು ಹಾಸಿ ಹೂವಿನ ಚಿತ್ರದ ಚಹಾದ ಕಪ್ಪುಗಳನ್ನೂ ಅವುಗಳ ತಟ್ಟೆ ಬಸಿಗಳನ್ನೂ ಬೋರಲು ಹಾಕಿದ್ದರು. ರೇಣುಕವ್ವ ತುಟಿ ಅಲುಗಿಸುತ್ತ ಎಣಿಸಿದರು. ಏಳು.

"ಮುಂಜಾನಿ ನಾ ಒಂದ ಗುಟುಕು ಚಹಾ ಕೇಳಿದಾಗ ಏನಂದಿದ್ದ ಈ ಮನುಷ್ಯಾ?" ಎಂದು ನನ್ನನ್ನು ಕೇಳಿದರು.

"ಒಳಗ ಚಹಾ ಬಂದ್, ಕಾಗದದ ಕಪ್ಪಿನ್ಯಾಗೂ ಇಲ್ಲ, ಮೇಡಮ್ಮಾರಿಗೂ ಇಲ್ಲ ಅಂದಿದ್ರು. ಆಮ್ಯಾಗ ಮಗಳ ನಿಶ್ಚಯದ ಸುದ್ದಿ ತಗದು ಅರ್ಧ ತಾಸು ಕೊರದ್ರಲ್ರಿ. ಹೋದ ವಾರ ಅರಕೇರಿಯವರ ಜೋಡಿ ಆತು, ಅಳಿಯನ ತಂಗಿ ಅರಕೇರಿ ತಂಡದಾಗ ಆಡತಾಳ, ಮೊದಲನೇ ಸೆಮಿಫೈನಲ್ ಗೆದ್ದು ಅವರ ಫೈನಲ್‌ಕ್ಕ ಬಂದಾರ ಅಂತ."

"ಹೂಂ," ಅಂದರು. ಬಾಗಿಲ ಹೊಸ್ತಿಲಲ್ಲಿ ನಿಂತು, ನನ್ನ ಮುಖ ನೋಡದೆ ಹೇಳಿದರು: "ಇನ್ನೊಂದು ಮಾತು. ಇಪ್ಪತ್ತೆರಡು ವರ್ಷ ನಿನ್ನ ಬ್ರೇಕ್ ಹೆಂಗ ಬೀಳತೈತಿ ಅಂತ ನನ್ನ ಸೊಂಟಕ್ಕ ಗೊತ್ತೈತಿ. ಇವತ್ತು ಗೇಟಿನ್ಯಾಗ ತತ್ತಿ ತುಂಬಿದ ಗಾಡಿ ತಂದಂಗ ಮೆತ್ತಗ ತಂದು ನಿಂದ್ರಿಸಿದಿ. ಆಗ ನನಗ ತಿಳೀಲಿಲ್ಲ. ಮುದುಕಿ ಸಿಕ್ಕ ಮ್ಯಾಲ ತಿಳೀತು."

"ಅಕ್ಕಾರ, ತಪ್ಪಾತ್ರಿ."

"ನನಗ ಹೇಳಬ್ಯಾಡ. ಎಲ್ಲಾರ ಮುಂದ ಹೇಳು. ನೀ ಹೇಳೂ ತನಕಾ ಆ ಮುದುಕಿ ಕಳ್ಳಿನ."

ಮೂರೂ ಹತ್ತಕ್ಕೆ ಶಾಮಿಯಾನದ ಕೆಳಗೆ ಎಲ್ಲರನ್ನೂ ಆರಾರು ಅಡಿ ದೂರ ಕೂರಿಸಿದರು. ಒಂದು ಕಡೆ ಸಾರವಾಡದ ಹುಡುಗಿಯರು, ಇನ್ನೊಂದು ಕಡೆ ಬಬಲೇಶ್ವರದವರು, ನಡುವೆ ಮೇಡಂ. ಸಿದ್ದಲಿಂಗೇಶ ಕೈ ಕಟ್ಟಿಕೊಂಡು ನಿಂತೇ ಇದ್ದರು. ರೇಣುಕವ್ವ ನನ್ನ ಕಡೆ ನೋಡಿದರು. ಎದ್ದು ನಿಂತೆ.

"ರುಕ್ಮವ್ವ ಕದ್ದು ಬಂದಿಲ್ರಿ ಮೇಡಂ. ನಾ ತಂದೇನಿ. ಸೀಟಿನ ಕೆಳಗ ಮಲಗಿಸಿ ತಂದೇನಿ. ಹುಡುಗ್ಯಾರು ಗಾಡಿ ಹತ್ತೂದರ ಮೊದಲ ಮಲಗಿಸಿದ್ದೆ, ಅವರಿಗೂ ಗೊತ್ತಿಲ್ಲ, ಅವರ ಮೇಷ್ಟ್ರಿಗೂ ಗೊತ್ತಿಲ್ಲ. ಏನ್ ಶಿಕ್ಷಾ ಕೊಡ್ತೀರಿ ನನಗ ಕೊಡ್ರಿ."

"ನೋಡಿದ್ರೇನ್ರಿ?" ಸಿದ್ದಲಿಂಗೇಶ ಕುಣಿದಾಡಿಬಿಟ್ಟರು. "ಒಪ್ಪಿಕೊಂಡಾನ! ಇನ್ನ ಮುಗೀತು."

"ಇನ್ನ ಶುರು ಆಗೇತ್ರಿ," ಅಂದರು ರೇಣುಕವ್ವ. "ಶಿವಯೋಗೆಪ್ಪಾರ, ತಕರಾರು ಎಷ್ಟಕ್ಕ ಕೊಟ್ರಿ?"

"ಒಂದು ನಲವತ್ತಕ್ಕ. ಉಂಡ ಮ್ಯಾಲ ನಮ್ಮ ಹುಡುಗಿ ಒಬ್ಬಾಕಿ ಹೇಳಿದ್ಲು, ಗೆರಿ ತುಳದಂಗಾತು ಅಂತ. ಅಲ್ಲೀ ತನಕಾ ನನಗೂ ಹೊಳದಿರಲಿಲ್ಲ."

"ಫೋನ್ ಸತ್ತದ್ದು ಒಂದು ಇಪ್ಪತ್ತಕ್ಕಿಂತ ಮೊದಲ. ಆಕಿ ತಾಯಿ ಹಚ್ಚಿ ನೋಡ್ಯಾಳ, ಬೇಕಾದ್ರ ಯಾಕೂಬಣ್ಣನ ಫೋನಿನ್ಯಾಗ ಹೊತ್ತು ಐತಿ." ಅಂಗೈ ತೋರಿಸಿದರು. "ಅಂದ್ರ ತಕರಾರು ಹುಟ್ಟೂದಕ್ಕಿಂತ ಇಪ್ಪತ್ತು ನಿಮಿಷ ಮೊದಲ ಫೋನ್ ಕಳುವಾಗೇತಿ. ಗೆರಿ ಮಾತು ಆಗ ಯಾರ ಬಾಯಾಗೂ ಇರಲಿಲ್ಲ. ಮುದುಕಿ ಗೆರಿ ಸಲುವಾಗಿ ಕದಿಯಾಕ ಬರಂಗಿಲ್ಲ. ತಕರಾರು ಗೆಲ್ಲಾಕಂತ ಶಿವಯೋಗೆಪ್ಪಾರೂ ಕದಿಯಾಕ ಬರಂಗಿಲ್ಲ."

ಶಿವಯೋಗೆಪ್ಪ ಮಾಸ್ಕಿನೊಳಗೇ ಉಸಿರು ಬಿಟ್ಟರು. ಅವರ ಮೇಲೂ ಒಂದು ಕಣ್ಣಿದ್ದದ್ದು ಅವರಿಗೆ ಗೊತ್ತಿತ್ತು.

"ಹಂಗಾದ್ರ ಆ ವಿಡಿಯೋದಾಗ ಯಾರಿಗೆ ಬ್ಯಾಡಾದದ್ದು ಏನಿತ್ತು? ಹನ್ನೆರಡರ ತನಕಾ ಫೋನ್ ಇಲ್ಲೇ ಶಾಮಿಯಾನದಾಗಿತ್ತು, ಬರೇ ಕಂಪೌಂಡ್ ಗ್ವಾಡಿ ನೋಡತಿತ್ತು, ಯಾರೂ ಮುಟ್ಟಲಿಲ್ಲ. ಆ ಕಡೆ ಹೋಗಿ ಈ ಕಡೆ ಮಾರಿ ಮಾಡಿತು, ಒಂದೂವರಿ ತಾಸಿನ್ಯಾಗ ಮಾಯ ಆತು. ಈ ಕಡೆ ಏನೈತಿ? ಸಾಲಿ ಕಟ್ಟಡ, ಅದರ ಮಾಳಿಗಿ. ಶಾಮಿಯಾನದ ಬಟ್ಟಿ ಅಡ್ಡ ಐತಿ, ಇಲ್ಲಿ ಕುಂತ ನಮಗ ಕಾಣಂಗಿಲ್ಲ. ಆಡೂ ಹುಡುಗ್ಯಾರು ಮ್ಯಾಲ ನೋಡಂಗಿಲ್ಲ. ನೋಡಿದ್ರೂ ಊರ ತುಂಬ ಮಾಳಿಗಿ ಮ್ಯಾಲ ಮಂದಿ ಅದಾರ, ಯಾರು ಲೆಕ್ಕಕ್ಕ ಹಿಡೀತಾರ? ಫೋನ್ ಮಾತ್ರ ಎಲ್ಲಾ ನೋಡಿತ್ತು."

"ಮಾಳಿಗಿಗೆ ಬೀಗ ಐತಿ," ಅಂದರು ಸಿದ್ದಲಿಂಗೇಶ. ಸ್ವರ ಸಣ್ಣದಾಗಿತ್ತು.

"ಬೀಗದ ಕೈ ನಿಮ್ಮ ಕಿಸೇದಾಗ ಐತ್ರಿ. ನಾ ಕೊಟ್ಟ ಚೀಟಿ, ಹಂಚಿದ ಊಟದ ಪಾಕೀಟು, ಎಲ್ಲಾ ಲೆಕ್ಕಕ್ಕ ಸರಿ ಅದಾವು. ಆದ್ರ ನಿಮ್ಮ ಕಿಟಕಿ ಕಟ್ಟಿ ಮ್ಯಾಲ ಏಳು ಕಪ್ಪು ಬಸಿ ತೊಳದು ಇಟ್ಟೀರಿ. ಕಾಗದದ ಕಪ್ಪೂ ಬಂದ್ ಇರೂ ಕಡೆ, ಮೇಡಮ್ಮಾರಿಗೂ ಚಹಾ ಇಲ್ಲದ ಕಡೆ, ಹೂವಿನ ಕಪ್ಪು ಬಸಿಯಾಗ ಚಹಾ ಯಾರಿಗೆ ಹೋತು? ಅಧಿಕಾರಿಗಿಂತ ದೊಡ್ಡವರು ನಮ್ಮ ಕಡೆ ಯಾರಿರ್ತಾರ? ಹೊಸಾ ಬೀಗರು. ನಾ ಎಂಟಕ್ಕ ಗೇಟಿನ್ಯಾಗ ಕೂಡೂದರ ಮೊದಲ ಅವರನ್ನ ಮ್ಯಾಲ ಹತ್ತಿಸೀರಿ. ಮಂದಿನ್ನ ಮುಚ್ಚಿ ಇಟ್ರಿ, ಆದ್ರ ಬೀಗರನ್ನ ಚಹಾ ಇಲ್ಲದ ಕುಂದ್ರಸಾಕ ನಿಮಗ ಮನಸಾಗಲಿಲ್ಲ."

ಸಿದ್ದಲಿಂಗೇಶ ಕಟ್ಟಿದ್ದ ಕೈ ಬಿಚ್ಚಿದರು. "ಎಲ್ಲಾ ಊಹಾ. ಫೋನ್ ಎಲ್ಲೈತಿ ತೋರಿಸ್ರಿ ನೋಡೂಣು."

"ಭಾಗಪ್ಪ, ಸುಣ್ಣದ ಚೀಲ ತಗೊಂಡು ಬಾ," ಅಂದರು ರೇಣುಕವ್ವ. "ಮುಂಜಾನಿ ಗೆರಿ ಸೊಟ್ಟ ಅಂತ ಮೂರು ಸಲ ಹಾಕಿಸಿದವ್ರು, ಫೈನಲ್‌ಕ್ಕ ಗೆರೀನ ಬ್ಯಾಡ ಅಂತಾರ. ಅದೂ ಗೆರಿ ಮ್ಯಾಲ ಇಷ್ಟು ದೊಡ್ಡ ಜಗಳ ನಡದಾಗ. ಅವರಿಗೆ ಬ್ಯಾಡಾದದ್ದು ಗೆರಿ ಅಲ್ಲ, ಚೀಲ ಬಿಚ್ಚೂದು."

ಭಾಗಪ್ಪ ಚೀಲವನ್ನು ಹೊತ್ತು ತಂದು, ಎಲ್ಲರ ಮುಂದೆ ನೆಲಕ್ಕೆ ಸುರಿದ. ಬಿಳಿ ಧೂಳು ಎದ್ದಿತು. ರಾಶಿಯ ನಡುವೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಸಾನಿಯಾಳ ಫೋನಿತ್ತು. ಅವಳು ಚೀರಿ ಅದನ್ನು ಎದೆಗೆ ಒತ್ತಿಕೊಂಡಳು.

ಮೇಡಂ ವಿಡಿಯೋವನ್ನು ಎರಡು ಸಲ ನೋಡಿದರು, ಮೂರನೇ ಸಲ ಶಿವಯೋಗೆಪ್ಪರನ್ನು ಕರೆದು ತೋರಿಸಿದರು. ಕೊನೆಯ ಎರಡು ಸೆಕೆಂಡು. ಆಮ್ರಪಾಲಿಯ ಕಾಲು ನಡುಗೆರೆಯಿಂದ ಒಂದು ಗೇಣು ಈಚೆಗಿತ್ತು. ಅವಳ ಹಿಂದೆ, ಮೇಲುಗಡೆ, ಶಾಲೆಯ ಮಾಳಿಗೆಯಲ್ಲಿ ಏಳು ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಒಬ್ಬರ ಕೈಯಲ್ಲಿ ಬಸಿಯೂ ಇತ್ತು.

"ತಕರಾರು ವಾಪಸ್ ತಗೋತೇನ್ರಿ," ಅಂದರು ಶಿವಯೋಗೆಪ್ಪ. ದೊಡ್ಡ ಮನುಷ್ಯ.

ಸಿದ್ದಲಿಂಗೇಶ ಕುರ್ಚಿಗೆ ಕುಸಿದರು. "ನಿಶ್ಚಯ ಆಗಿ ಎಂಟು ದಿನ ಆಗಿಲ್ರಿ ಮೇಡಂ. ಬೀಗರು ಬರ್ತೇವಿ ಅಂದ್ರು. ಇಲ್ಲ ಅಂತ ಹೆಂಗ ಅನ್ಲಿ? ವಿಡಿಯೋ ಊರಿಗೆಲ್ಲಾ ಹೋದ್ರ ಪಂದ್ಯಾವಳಿ ಬಂದ್ ಆಗ್ತಿತ್ತು, ನನ್ನ ಮಾನ ಹೋಗ್ತಿತ್ತು."

"ನಿಮ್ಮ ಮಾನಕ್ಕ ಆ ಮುದುಕಿನ್ನ ಕಳ್ಳಿ ಮಾಡಿದ್ರಲ್ರಿ," ಅಂದರು ರೇಣುಕವ್ವ. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ. "ನೀವೂ ಬೀಗರ ಸಲುವಾಗಿ ಬಾಗಿಲ ತಗದ್ರಿ, ಯಾಕೂಬಣ್ಣನೂ ಮುದುಕಿ ಸಲುವಾಗಿ ತಗದಾನ. ಇಬ್ಬರದೂ ತಪ್ಪ. ಆದ್ರ ಅಂವಾ ತನ್ನ ತಪ್ಪು ಆ ಹುಡುಗಿ ತಲಿ ಮ್ಯಾಲ ಹೇರಲಿಲ್ಲ."

ಹೇರಲು ಇನ್ನು ಸ್ವಲ್ಪವೇ ಬಾಕಿ ಇತ್ತು ಎಂಬುದು ನನಗೂ ಅವರಿಗೂ ಮಾತ್ರ ಗೊತ್ತು. ತಲೆ ತಗ್ಗಿಸಿದೆ.

ಮೇಡಂ ಮಾಳಿಗೆಯ ಬಾಗಿಲಿನ ಬೀಗ ತೆಗೆಸಿದರು. ರೇಷ್ಮೆ ಸೀರೆ, ಜರಿ ರುಮಾಲಿನ ಏಳು ಜನ ಮುಖ ಮುಚ್ಚಿಕೊಂಡು ಇಳಿದು ಗೇಟಿನಿಂದ ಆಚೆ ಹೋದರು. ಹುಡುಗಿಯರ ತಪ್ಪಿಲ್ಲವೆಂದು ಅರಕೇರಿ ತಂಡವನ್ನೂ ಸಾರವಾಡ ತಂಡವನ್ನೂ ಮೇಡಂ ಆಡಲು ಬಿಟ್ಟರು. ಉಸ್ತುವಾರಿ ತಾವೇ ವಹಿಸಿಕೊಂಡು, ಸಿದ್ದಲಿಂಗೇಶರ ಹೇಳಿಕೆಗೆ ಸಹಿ ಹಾಕಿಸಿಕೊಂಡರು.

ರುಕ್ಮವ್ವ ತಾನಾಗಿಯೇ ಗಂಟು ಎತ್ತಿಕೊಂಡು ಗೇಟಿನ ಕಡೆ ಹೊರಟಿದ್ದಳು. ಆಮ್ರಪಾಲಿ ಆಗ ಅತ್ತಳು, ಇಷ್ಟು ಹೊತ್ತು ತಡೆದದ್ದನ್ನೆಲ್ಲ.

"ನಿಂದ್ರ ಬೇ," ಅಂದರು ರೇಣುಕವ್ವ. "ಮೇಡಂ, ಕಾಯ್ದೆ ಎಪ್ಪತ್ತು ಮಂದಿದು. ಎಪ್ಪತ್ತೊಂದು ಆಗಬಾರದು, ಅಷ್ಟ ಹೌದಲ್ರಿ? ಟಿಕೆಟ್ ಇಲ್ಲದವರನ್ನ ಹತ್ತಿಸಿದ ಡ್ರೈವರನ್ನ ನಾ ಇಳಸ್ತೇನಿ. ಒಂದು ಸೀಟ್ ಖಾಲಿ ಆಗತೈತಿ."

ಮೇಡಂ ನನ್ನ ಕಡೆ ನೋಡಿದರು, ಅಜ್ಜಿಯ ಕಡೆ ನೋಡಿದರು. "ಎರಡೂ ಲಸಿಕಿ ಹಾಕಿಸ್ಕೊಂಡಾಳೇನು?"

"ನಾನ ಕರಕೊಂಡು ಹೋಗಿ ಹಾಕಿಸೇನ್ರಿ," ಅಂದೆ.

ನನ್ನ ಹಳದಿ ಚೀಟಿಯನ್ನು ಕಿಸೆಯಿಂದ ತೆಗೆದು ಕೊಟ್ಟೆ. ರೇಣುಕವ್ವ ಅದನ್ನು ಹರಿದರು. ಹೊಸ ಚೀಟಿಯಲ್ಲಿ ರುಕ್ಮವ್ವನ ಹೆಸರು ಬರೆದು, ಹಣೆಗೆ ಜ್ವರದ ಯಂತ್ರ ಹಿಡಿದು ನೋಡಿ, ಪಂಚ್ ಒತ್ತಿದರು. ಬೆಳಗ್ಗೆಯೇ ಕೇಳಿದ್ದರೂ, ಆ 'ಟಕ್' ಸದ್ದನ್ನು ಮೂರು ವರ್ಷದ ಮೇಲೆ ಈಗಷ್ಟೇ ಕೇಳಿದಂತಾಯಿತು.

ಹಾಗಾಗಿ ಆ ಫೈನಲನ್ನು ನಾನು ನೋಡಲಿಲ್ಲ. ಟೆಂಪೊವನ್ನು ಗೇಟಿನ ಹೊರಗೆ ತಂದು, ಅದಕ್ಕೆ ಒರಗಿ ನಿಂತಿದ್ದೆ. ಒಳಗಿಂದ ಸೀಟಿ, ಕಾಲಿನ ಸದ್ದು, "ಖೋ" ಎಂಬ ಕೂಗು ಮಾತ್ರ ಬರುತ್ತಿತ್ತು. ಅದರ ನಡುವೆ ಒಂದೇ ಒಂದು ಮುದಿ ಧ್ವನಿ: "ಓಡ ಬೇ ಆಮ್ರಾ! ಹಿಡಿ ಆಕಿನ್ನ, ಬಿಡಬ್ಯಾಡ!" ಅದಕ್ಕೆ ರೇಣುಕವ್ವನ ಗದರಿಕೆ: "ಮಾಸ್ಕ್ ಏರಿಸು! ಒದರಾಕ ಪರವಾನಗಿ ಇಲ್ಲ!" ಆಮೇಲೆ ಉದ್ದನೆಯ ಸೀಟಿ. ಅದರ ಹಿಂದೆಯೇ ಮೈದಾನ ಕಿತ್ತು ಹೋಗುವಂತೆ ಒದರಿದವರು ರೇಣುಕವ್ವ. ಅವರ ಗಂಟಲು ನನಗೆ ಗೊತ್ತಿಲ್ಲವೇ?

ಗೇಟು ತೆರೆಯಿತು. ರೇಣುಕವ್ವ ಕಣ್ಣೊರೆಸಿಕೊಂಡು ಬಂದರು.

"ಗೆದ್ರು. ಆ ಇಬ್ಬರೂ ಆಮ್ರಪಾಲಿ ಹೆಸರು ಬರ್ಕೊಂಡು ಹೋದ್ರು, ನಾ ನಿಂತು ನೋಡೇನಿ. ಬರುವಾಗ ಚೀಟಿ ಹದಿನಾಲ್ಕು. ಹೋಗುವಾಗ ತಲಿ ಹದಿನೈದು. ಎಣಿಸಿ ಹತ್ತಿಸ್ಕೋ."

ರುಕ್ಮವ್ವ ಈ ಸಲ ಸೀಟಿನ ಕೆಳಗಲ್ಲ, ಮುಂದಿನ ಕಿಟಕಿ ಪಕ್ಕ ಕೂತಳು. ಚೀಟಿಯನ್ನು ಮುಷ್ಟಿಯಲ್ಲೇ ಹಿಡಿದಿದ್ದಳು. ಹಿಂದೆ ಹುಡುಗಿಯರು ಕೇಕೆ ಹಾಕುತ್ತಿದ್ದರು. ರೇಣುಕವ್ವ ಎಲ್ಲರ ತಲೆಯನ್ನೂ ಹಿಂದಿನಿಂದ ಮುಂದಕ್ಕೆ ಒಮ್ಮೆ ಎಣಿಸಿದರು. ಆಮೇಲೆ ಬಾಗಿಲ ತಗಡಿಗೆ ಎರಡು ಏಟು ಹೊಡೆದು, ಕಾಖಂಡಕಿಯ ಕೊನೆಯ ಟ್ರಿಪ್ಪಿನ ದಿನ ಕೂಗಿದಂತೆಯೇ ಕೂಗಿದರು:

"ರೈಟ್, ರೈಟ್!"

ನಾನು ಗಾಡಿ ಬಿಟ್ಟೆ.